ಒಂದು ಊರಿನ ಸೊಂಟದಳತೆ

ನಾವಿದ್ದ ಊರಿನ ಹೊಸ್ತಿಲಲ್ಲೇ ಒಂದು ಹಸಿರು ಬೋರ್ಡು ನಿಂತಿತ್ತು. ಮೇಲೆ ಊರಿನ ಹೆಸರು, ಕೆಳಗೆ ಎರಡು ಸಂಖ್ಯೆ: ಊರಲ್ಲಿ ಜನ ಎಷ್ಟು, ಸಮುದ್ರಮಟ್ಟದಿಂದ ಊರು ಎಷ್ಟು ಅಡಿ ಎತ್ತರ. ಮೊದಲ ಸಲ ನೋಡಿದಾಗ ನನಗೆ ಬಹಳ ಖುಷಿಯಾಯಿತು. ನಾನು ದರ್ಜಿ. ಯಾರೋ ಈ ಊರನ್ನೇ ಎದುರಿಗೆ ನಿಲ್ಲಿಸಿಕೊಂಡು, ಟೇಪು ಹಿಡಿದು ಅಳೆದು ಬರೆದಿಟ್ಟಿದ್ದಾರೆ ಅನ್ನಿಸಿತು. ಆಮೇಲೆ ತಿಳಿಯಿತು, ಆ ಜನಗಣತಿ ಎರಡು ಸಾವಿರನೇ ಇಸವಿಯದು. ನಾವು ಅಮೆರಿಕಕ್ಕೆ ಕಾಲಿಟ್ಟದ್ದು ಅದರ ಮರುವರ್ಷ, ಆ ಊರಿಗೆ ಬಂದದ್ದು ಇನ್ನೂ ಎರಡು ವರ್ಷ ಬಿಟ್ಟು. ಬೋರ್ಡಿನ ನಾಲ್ಕು ಸಾವಿರದ ಚಿಲ್ಲರೆ ಜನರಲ್ಲಿ ನಾನೂ ಇಲ್ಲ, ನನ್ನ ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ಅಳತೆ ತೆಗೆದ ಮೇಲೆ ಬಂದ ಮೈ ನಮ್ಮದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ಯಾರಾದರೂ ಕೇಳುವ ಮೊದಲೇ ಹೇಳಿಬಿಡುವುದು ನನ್ನ ಪದ್ಧತಿ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಉಸ್ತಾದರ ಅಂಗಡಿಯಲ್ಲಿ ಗುಂಡಿಯ ಕಾಜ ಹೊಲಿಯುತ್ತ ಕೂತವನು, ಇಪ್ಪತ್ತು ವರ್ಷಕ್ಕೆ ಸೂಟು ಕತ್ತರಿಸುವಷ್ಟಾದೆ. ಉಸ್ತಾದರು ಕತ್ತರಿ ಕೊಡುವ ಮೊದಲು ಎರಡು ಮಾತು ಕೊಟ್ಟಿದ್ದರು. ಒಂದು, ಗಿರಾಕಿಯ ಅಳತೆ ನಿನಗೂ ನಿನ್ನ ಬುಕ್ಕಿಗೂ ಬಿಟ್ಟು ಮೂರನೆಯವರ ಕಿವಿಗೆ ಬೀಳಬಾರದು, ಅದು ನಿನ್ನಲ್ಲಿ ನಂಬಿ ಇಟ್ಟ ಅಮಾನತ್ತು. ಎರಡು, ಗಿರಾಕಿ ಯಾವತ್ತೂ ದಪ್ಪ ಆಗುವುದಿಲ್ಲ, ಬಟ್ಟೆ ಕುಗ್ಗುತ್ತದೆ. ಮೈಸೂರಿನಲ್ಲಿ ಈ ಎರಡನೆಯ ಮಾತಿಗೆ ಅಗಸರು ಒದಗುತ್ತಿದ್ದರು. "ಸೋಡಾ ಜಾಸ್ತಿ ಹಾಕಿದಾನೆ ಸಾರ್, ಬಟ್ಟೆ ಎಳ್ಕೊಂಡಿದೆ" ಎಂದರೆ ಸಾಕು, ಸಾಹೇಬರು ಅಗಸನಿಗೆ ನಾಲ್ಕು ಬೈದು, ಸಮಾಧಾನದಿಂದ ಸೊಂಟ ಬಿಡಿಸಿಕೊಂಡು ಹೋಗುತ್ತಿದ್ದರು. ಅಮೆರಿಕದಲ್ಲಿ ಅಗಸರಿಲ್ಲ. ಆದರೆ ಮನೆಮನೆಗೂ ಬಟ್ಟೆ ಒಣಗಿಸುವ ಡ್ರೈಯರ್ ಇದೆ. ಆ ದೇಶದಲ್ಲಿ ನಾನು ಮೊದಲು ಕಲಿತ ಇಂಗ್ಲಿಷ್ ವಾಕ್ಯ, "ಇಟ್ ಈಸ್ ದ ಡ್ರೈಯರ್, ಮ್ಯಾಡಂ."

ನಮ್ಮನ್ನು ಕರೆಸಿಕೊಂಡವರು ಹೆಂಡತಿಯ ಅಣ್ಣ. ಇಂಜಿನಿಯರು. ನಾರ್ತ್‌ರಿಜ್‌ನಲ್ಲಿ ಅವರ ಮನೆ. ಎರಡು ವರ್ಷ ನಾವು ಅವರ ಗ್ಯಾರೇಜಿನಲ್ಲಿದ್ದೆವು. ಕಾರ್‌ಪೆಟ್ ಹಾಕಿಸಿದ್ದರು, ಸುಳ್ಳು ಹೇಳಬಾರದು. ಒಳ್ಳೆಯ ಮನುಷ್ಯರು, ಒಂದೇ ತೊಂದರೆ ಎಂದರೆ ನನಗೆ ಗೊತ್ತಿರುವ ವಿಷಯವನ್ನೂ ನನಗೇ ವಿವರಿಸುತ್ತಿದ್ದರು. ಹಾಲು ಫ್ರಿಜ್ಜಿನಲ್ಲಿ ಇಡಬೇಕು ಅನ್ನುವುದನ್ನೂ. ಒಂದು ದಿನ ನಾನು ಕೆಲಸ ಮಾಡುತ್ತಿದ್ದ ಆಲ್ಟ್ರೇಷನ್ ಅಂಗಡಿಯವರು, ಸ್ಯಾನ್ ಡಿಯಾಗೋ ಕಡೆ ಸಮುದ್ರದ ದಂಡೆಯ ಮೇಲೊಂದು ಸಣ್ಣ ಊರಿದೆ, ಅಲ್ಲಿನ ಮುದುಕ ಟೈಲರ್ ಬಿಟ್ಟುಹೋಗುತ್ತಿದ್ದಾನೆ, ಅಂಗಡಿ ಖಾಲಿ, ಹಿಂದೆ ವಾಸಕ್ಕೆ ಒಂದು ಕೋಣೆ ಇದೆ ಎಂದರು. ನಾನು ಆ ವಾರವೇ ಹೊರಟೆ. ಭಾವನವರು ಬಾಗಿಲಲ್ಲಿ ನಿಂತು, "ಹೋಗ್ಬನ್ನಿ. ನಡೀಲಿಲ್ಲಾಂದ್ರೆ ಗ್ಯಾರೇಜ್ ಇದ್ದೇ ಇದೆ" ಎಂದರು. ಮನಸ್ಸಿನಲ್ಲಿ ಒಳ್ಳೆಯದನ್ನೇ ಇಟ್ಟುಕೊಂಡು ಹೇಳಿದರು. ಆ 'ಇದ್ದೇ ಇದೆ' ಮಾತ್ರ ಮುಂದಿನ ನಾಲ್ಕು ವರ್ಷ ನನ್ನ ಮಷಿನ್ನಿನ ಪೆಡಲ್ ಒತ್ತಿತು.

ಊರು ಹೇಗಿತ್ತೆಂದರೆ, ಪಶ್ಚಿಮಕ್ಕೆ ಸಮುದ್ರ, ಸಮುದ್ರಕ್ಕೆ ಬಾಗಿದ ದಿಬ್ಬದ ನೆತ್ತಿಯ ಮೇಲೇ ರೈಲು ಹಳಿ, ಹಳಿ ದಾಟಿದರೆ ನಮ್ಮ ಅಂಗಡಿಯಿದ್ದ ಒಂದೇ ಒಂದು ದೊಡ್ಡ ರಸ್ತೆ, ರಸ್ತೆ ದಾಟಿದರೆ ಗುಡ್ಡ. ಉತ್ತರಕ್ಕೆ ಸಮುದ್ರದ ನೀರು ಒಳನುಗ್ಗಿ ನಿಂತ ಹಿನ್ನೀರು, ದಕ್ಷಿಣಕ್ಕೆ ಹೋದರೆ ಟೊರ್ರಿ ಪೈನ್ಸ್‌ನ ಸಂಶೋಧನೆಯ ಕಟ್ಟಡಗಳು, ಪೂರ್ವಕ್ಕೆ ಫ್ರೀವೇ ದಾಟಿದರೆ ಕಾರ್ಮೆಲ್ ವ್ಯಾಲಿ. ಗುಡ್ಡದ ಮೇಲೆ ಹೋದಷ್ಟೂ ಮನೆ ದೊಡ್ಡದು, ಜನ ತೆಳ್ಳಗೆ. ಕೆಳಗೆ ಮರಳಿನ ಹತ್ತಿರ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಹುಡುಗರು. ಅವರು ತರುತ್ತಿದ್ದುದು ರಬ್ಬರಿನ ಉಡುಪು. ಉಸ್ತಾದರು ಕಲಿಸದ ಬಟ್ಟೆ ಅದೊಂದೇ. ಮೊದಲ ಸಲ ಅದನ್ನು ಇಸ್ತ್ರಿ ಮಾಡಲು ಹೋಗಿ, ರಬ್ಬರು ಕರಗಿ ಅಂಟಿ, ಇಸ್ತ್ರಿಪೆಟ್ಟಿಗೆಯನ್ನೇ ಕಳೆದುಕೊಂಡೆ.

ನನಗೆ ಇಂಗ್ಲಿಷ್ ಅಂಕಿ ಬರುತ್ತಿತ್ತು, ಅಕ್ಷರ ಕೂಡಿಸಿ ಓದುವುದು ನಿಧಾನ, ಆ ಜನರ ಹೆಸರಂತೂ ಬರೆಯಲಾಗುತ್ತಿರಲಿಲ್ಲ. ಬರೆದುಕೊಡಿ ಎಂದು ಕೇಳಲು ಮನಸ್ಸೊಪ್ಪಲಿಲ್ಲ. ಆದ್ದರಿಂದ ನನ್ನ ಅಳತೆ ಬುಕ್ಕಿನಲ್ಲಿ ಯಾರ ಹೆಸರೂ ಇಲ್ಲ. ಕನ್ನಡದಲ್ಲಿ ಹೀಗೆ ಬರೆಯುತ್ತಿದ್ದೆ: 'ಗುಡ್ಡದ ಎರಡನೇ ತಿರುವು, ನೀಲಿ ಬಾಗಿಲು, ಕುಂಟು ನಾಯಿ.' 'ಹಳಿಯ ಪಕ್ಕ, ಗೋಡೆಗೆ ಹಡಗಿನ ಚಕ್ರ.' 'ಹಿನ್ನೀರಿನ ಕೊನೆ ಮನೆ, ಇಬ್ಬರು ಗಂಡಸರು, ಒಬ್ಬರಿಗೆ ಎಡ ಹೆಗಲು ಇಳಿ.' ಬಟ್ಟೆ ತಲುಪಿಸಲು ನಾನೇ ನಡೆದು ಹೋಗುತ್ತಿದ್ದೆ, ಹಾಗಾಗಿ ಬಾಗಿಲು, ಮರ, ನಾಯಿ ಎಲ್ಲವೂ ಸರಿಯಾಗಿ ನೆನಪಿರುತ್ತಿದ್ದವು. ಅದರ ಮುಂದೆ ಸೊಂಟ, ಎದೆ, ತೋಳು. ಮತ್ತೆ ಬಂದಾಗ ಹೊಸ ಅಳತೆ ಪಕ್ಕದಲ್ಲೇ, ಇಸವಿಯೊಂದಿಗೆ. ನಾಲ್ಕು ವರ್ಷದಲ್ಲಿ ಬುಕ್ಕು ದಪ್ಪವಾಯಿತು. ಬುಕ್ಕು ಕುಗ್ಗಿತು ಅನ್ನಲು ಬರುವುದಿಲ್ಲ.

ನೀಲಿ ಬಾಗಿಲಿನವರ ಬಗ್ಗೆ ಇಲ್ಲೇ ಹೇಳಬೇಕು. ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ ಇದ್ದರು, ಅಂಗಡಿಯೂ ಹಿಂದಿನ ಕೋಣೆಯೂ ಅವರದೇ. ನಮ್ಮ ಮೇಲೆ ಅವರಿಗಿದ್ದ ದೂರು ಒಂದೇ. ನನ್ನ ಹೆಂಡತಿ ಹಿತ್ತಲಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ನನ್ನ ಲುಂಗಿ ರಸ್ತೆಯಿಂದ ಕಾಣುತ್ತದೆ ಎಂದು ಅವರು ಕಾಗದ ಬರೆದು ಬಾಗಿಲಿಗೆ ಅಂಟಿಸುತ್ತಿದ್ದರು. ಹೆಂಡತಿ ಅದನ್ನು ನನ್ನ ಕೈಗೆ ಕೊಟ್ಟು, "ಸಮುದ್ರದ ಗಾಳಿ ಪುಕ್ಸಟ್ಟೆ ಬೀಸ್ತಿದೆ, ಇವರಿಗೇನ್ರಿ ಕಷ್ಟ?" ಎಂದು ಇನ್ನೊಂದು ಲುಂಗಿ ಹರಡುತ್ತಿದ್ದಳು. ಬೇರೆ ಎಲ್ಲ ವಿಷಯದಲ್ಲೂ ಆಯಮ್ಮ ಸಜ್ಜನರು. ವರ್ಷಕ್ಕೊಮ್ಮೆ ಅದೇ ಬೂದು ಸ್ಕರ್ಟು ತರುತ್ತಿದ್ದರು, ಹುಕ್ಕು ಕೂರುತ್ತಿಲ್ಲ ಎಂದು. ನಾನು ಅದೇ ಇಂಗ್ಲಿಷ್ ವಾಕ್ಯ ಹೇಳುತ್ತಿದ್ದೆ. ಮೂರನೆಯ ಸಲ ಅವರು ಗಂಭೀರವಾಗಿ ತಲೆಯಾಡಿಸಿ ಹೋದರು. ಮುಂದಿನ ವಾರ ಅವರ ಮನೆಗೆ ಹೊಸ ಡ್ರೈಯರ್ ಬಂತು. ನನ್ನ ಮಾತು ನಂಬಿ ಹಳೆಯದನ್ನು ಗ್ಯಾರೇಜಿಗೆ ತಳ್ಳಿದ್ದರು. ನಾನು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ನಿಜ ಹೇಳುವ ಸಮಯ ಮೀರಿಹೋಗಿತ್ತು. ಅದೂ ಅಲ್ಲದೆ ಅದೇ ಕಾಲಕ್ಕೆ ನನ್ನ ಪ್ಯಾಂಟುಗಳೂ ಬಿಗಿಯಾಗುತ್ತಿದ್ದವು. ಮೂವತ್ತಾರು ನನ್ನ ಸೊಂಟ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ. ಬಟ್ಟೆ ಕುಗ್ಗುವ ಮಾತನ್ನು ಹೇಳಿ ಹೇಳಿ ನಾನೇ ಅರ್ಧ ನಂಬಿದ್ದೆ.

ಇನ್ನು ನನ್ನ ಭೂಗೋಳ. ಆ ಊರಿಗೆ ಬಂದ ಹೊಸದರಲ್ಲಿ ನಮಾಜಿಗೆ ಯಾವ ಕಡೆ ತಿರುಗಬೇಕು ಎಂಬ ಪ್ರಶ್ನೆ ಬಂತು. ನನಗದು ಪ್ರಶ್ನೆಯೇ ಆಗಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿದಾಗಿನಿಂದ ಪಶ್ಚಿಮಕ್ಕೆ ತಿರುಗಿದವನು. ನಾರ್ತ್‌ರಿಜ್‌ನಲ್ಲಿ ಭಾವನವರು ಹಾಸಿದ ಚಾಪೆಯ ಮೇಲೆ ನಿಲ್ಲುತ್ತಿದ್ದೆ, ಅದು ಯಾವ ದಿಕ್ಕು ಎಂದು ಕೇಳಿರಲೇ ಇಲ್ಲ. ಇಲ್ಲಿ ಸೂರ್ಯ ಮುಳುಗುವುದು ಸಮುದ್ರದಲ್ಲಿ, ಅಂದರೆ ಸಮುದ್ರವೇ ಪಶ್ಚಿಮ. ಹೆಂಡತಿಯನ್ನೂ ಮಗಳನ್ನೂ ನಿಲ್ಲಿಸಿಕೊಂಡು ಮೂರು ತಿಂಗಳು ಶಾಂತಸಾಗರಕ್ಕೆ ಮುಖ ಮಾಡಿದೆ. ಭಾವನವರು ನೋಡಲು ಬಂದವರು ಕಾರಿನಿಂದ ಚೆಂಡು ತಂದು, ಅದನ್ನೇ ಭೂಮಿ ಮಾಡಿ, ಮಕ್ಕಾ ನಮಗೆ ಈಶಾನ್ಯಕ್ಕೆ ಬರುತ್ತದೆ ಎಂದು ತೋರಿಸಿದರು. ಮಗಳು ಎಲ್ಲವನ್ನೂ ನೋಡುತ್ತಿದ್ದಳು. ಆಗ ಅವಳಿಗೆ ಐದು ವರ್ಷ. ತಿಳಿಯದೆ ಮಾಡಿದ್ದಕ್ಕೆ ಅಲ್ಲಾಹನು ಕ್ಷಮಿಸುತ್ತಾನೆ. ಮಗಳು ಕ್ಷಮಿಸಲಿಲ್ಲ. ಮುಂದೆ ಯಾವ ದಾರಿ ಹೇಳಿದರೂ, "ಆರ್ ಯೂ ಶೂರ್, ಅಬ್ಬಾ?" ಎನ್ನುವುದನ್ನು ಅವಳು ರೂಢಿ ಮಾಡಿಕೊಂಡಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು ಅದು.

ಅವಳು ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಟೀಚರು ಒಂದು ಕೆಲಸ ಕೊಟ್ಟರು. ನಮ್ಮ ಊರಿನ ಭೂಗೋಳ ಮತ್ತು ಜನಸಂಖ್ಯೆ ಎಂಬ ವಿಷಯವಾಗಿ ಮೂರು ಮಡಿಕೆಯ ದೊಡ್ಡ ರಟ್ಟಿನ ಮೇಲೆ ಬರೆದು, ನಕ್ಷೆ ಹಾಕಿ ತರಬೇಕು. ಒಂದು ಶುಕ್ರವಾರ ಸಂಜೆ ಊರಿನವರೆಲ್ಲ ಬಂದು ನೋಡುತ್ತಾರೆ. ಅವಳ ಜೊತೆಯ ಮಕ್ಕಳ ತಂದೆತಾಯಿ ವಿಜ್ಞಾನಿಗಳು, ವಕೀಲರು. ಒಬ್ಬನ ಮನೆಯಲ್ಲಿ ಆಗಲೇ ಪ್ಲಾಸ್ಟರಿನಲ್ಲಿ ಗುಡ್ಡವನ್ನೇ ಎರಕ ಹೊಯ್ಯುತ್ತಿದ್ದರಂತೆ. ಮಗಳು ನನ್ನನ್ನು ಕೇಳಲೇ ಇಲ್ಲ. ಅಮ್ಮಿಯ ಬಳಿ ಹೋಗಿ, ಮಾಮೂಗೆ, ಅಂದರೆ ನಮ್ಮ ಭಾವನವರಿಗೆ, ಫೋನ್ ಮಾಡಿಕೊಡು ಎಂದಳು.

ನಾನು ಮಷಿನ್ ನಿಲ್ಲಿಸಿದೆ. "ಮಾಮೂ ಯಾಕೆ? ಮಾಮೂ ಈ ಊರಿಗೆ ಎಷ್ಟು ಸಲ ಬಂದಿದಾರೆ?"

"ಹೀ ನೋಸ್ ಜಿಯಾಗ್ರಫಿ" ಎಂದಳು, ಮೃದುವಾಗಿಯೇ.

ಆ ಮೃದುತನ ತಾಗಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡ್ರಾಯರ್ ಎಳೆದು ಅಳತೆ ಬುಕ್ಕನ್ನು ಮೇಜಿನ ಮೇಲಿಟ್ಟೆ. "ಮಾಮೂಗೆ ಗೊತ್ತಿರೋದು ಪುಸ್ತಕದಲ್ಲಿರೋ ಊರು. ಈ ಊರು ಇಲ್ಲಿದೆ. ಪೆನ್ಸಿಲ್ ತಗೋ" ಎಂದೆ.

ಮೂರು ಸಂಜೆ ನಾನು ಓದಿದೆ, ಅವಳು ಬರೆದಳು. ಕನ್ನಡ ಅವಳಿಗೆ ಓದಲು ಬರದು, ಕೇಳಿದರೆ ಅರ್ಥವಾಗುತ್ತದೆ. ಗುಡ್ಡ ಎಲ್ಲಿ ತಿರುಗುತ್ತದೆ, ಯಾವ ಓಣಿ ಹಳಿಗೆ ಬಂದು ನಿಂತುಬಿಡುತ್ತದೆ, ಯಾವ ಮನೆಯ ಹಿತ್ತಲು ಪ್ರತಿ ಮಳೆಗಾಲ ಒಂದು ಗೇಣು ಸಮುದ್ರಕ್ಕೆ ಉದುರುತ್ತದೆ, ಯಾರ ನಾಯಿ ಕುಂಟು, ಯಾರ ಮನೆಯಲ್ಲಿ ಎಷ್ಟು ಜನ, ಎಲ್ಲ ಹೇಳಿದೆ. ಮೊದಮೊದಲು ಅವಳು ಪೆನ್ಸಿಲ್ ಕಚ್ಚುತ್ತಿದ್ದಳು. ಎರಡನೆಯ ಸಂಜೆ ಕಣ್ಣು ದೊಡ್ಡದಾಯಿತು. ಎಂದೂ ಕೇಳದವಳು, ಆಮೇಲೆ, ಆಮೇಲೆ ಎಂದು ಕೇಳತೊಡಗಿದಳು. ಮೂರನೆಯ ಸಂಜೆ, ಬಾಗಿಲು ನಾಯಿಗಳ ಮುಂದಿರುವ ಅಂಕಿ ಏನು ಎಂದಳು. ಆ ಕ್ಷಣದಲ್ಲಿ ನಾನು ಉಸ್ತಾದರನ್ನು ನೆನೆಯಬೇಕಿತ್ತು. ಆದರೆ ಮಗಳು ನನ್ನ ಎದುರು ಕೂತು ಬರೆದುಕೊಳ್ಳುತ್ತಿದ್ದಳು, ಏಳನೇ ಕ್ಲಾಸಿನವನ ಎದುರು. ಸೊಂಟ, ಎಂದೆ. ಮೂರು ವರ್ಷದ್ದೂ ಓದಿದೆ. ನೀಲಿ ಬಾಗಿಲು ಮೂವತ್ತೆಂಟು, ನಲವತ್ತು, ನಲವತ್ತೆರಡು.

ಅಡುಗೆಯ ಒಲೆಯ ಕಡೆಯಿಂದ ಹೆಂಡತಿ ತಿರುಗಿದಳು. "ರೀ, ಅದನ್ನೆಲ್ಲ ಹೇಳಬಹುದಾ?"

"ಮನೆ ಮಗುಗಲ್ವಾ ಹೇಳ್ತಿರೋದು" ಎಂದೆ.

ರಟ್ಟನ್ನು ಅವಳು ಒಬ್ಬಳೇ ಮೂಲೆಯಲ್ಲಿ ಕೂತು ಬಣ್ಣ ಹಾಕಿ ಮುಗಿಸಿದಳು. ನನಗೆ ತೋರಿಸಲಿಲ್ಲ, ಸರ್‌ಪ್ರೈಸ್ ಎಂದಳು. ನಾನೂ ಇಣುಕಲಿಲ್ಲ.

ಶುಕ್ರವಾರ ನನ್ನ ಕೈಯ ಬೂದು ಸೂಟು ಹಾಕಿ ಹೊರಟೆ. ಪ್ಯಾಂಟಿನ ಹುಕ್ಕು ಹಾಕಲು ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳಬೇಕಾಯಿತು. ಅಂಗಡಿಯಿಂದ ನೇರ ಹೊರಟದ್ದರಿಂದ ಟೇಪು ಕೋಟಿನ ಜೇಬಿನಲ್ಲೇ ಇತ್ತು. ಶಾಲೆಯ ದೊಡ್ಡ ಕೋಣೆಯಲ್ಲಿ ಎರಕದ ಗುಡ್ಡ, ನೀರು ಹರಿಯುವ ಹಿನ್ನೀರು, ದೀಪ ಹತ್ತುವ ರೈಲು. ಅವುಗಳ ಮುಂದೆ ಯಾರೂ ಇರಲಿಲ್ಲ. ಜನವೆಲ್ಲ ಕೊನೆಯ ಮೇಜಿನ ಸುತ್ತ ಸೇರಿತ್ತು. ಅದು ನನ್ನ ಮಗಳ ಮೇಜು. ನನಗೆ ಎದೆಯುಬ್ಬಿತು. ಹತ್ತಿರ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು: ಅಷ್ಟು ಜನ ಸೇರಿದ್ದರೂ ಒಬ್ಬರೂ ಮಾತಾಡುತ್ತಿರಲಿಲ್ಲ.

ನಕ್ಷೆ ಬಹಳ ಚೆನ್ನಾಗಿತ್ತು. ಸಮುದ್ರ, ಹಳಿ, ಗುಡ್ಡದ ತಿರುವು, ಒಂದೊಂದು ಬಾಗಿಲಿಗೂ ಅದರದೇ ಬಣ್ಣ, ಕುಂಟು ನಾಯಿಗೆ ಮೂರೂವರೆ ಕಾಲು. ಯಾರ ಹೆಸರೂ ಇರಲಿಲ್ಲ. ಆದರೆ ಆ ಊರಿನಲ್ಲಿ ನೀಲಿ ಬಾಗಿಲು ಎಷ್ಟಿವೆ? ಪ್ರತಿ ಮನೆಯ ಮೇಲೂ ಕೆಂಪು ಶಾಯಿಯಲ್ಲಿ ಅಂಕಿ. ಇಂಗ್ಲಿಷ್ ಅಕ್ಷರ ನನಗೆ ನಿಧಾನ, ಅಂಕಿ ದೂರದಿಂದಲೇ ಕಾಣುತ್ತದೆ. ಮೂವತ್ತೆಂಟು, ಬಾಣ, ನಲವತ್ತು, ಬಾಣ, ನಲವತ್ತೆರಡು. ಕೆಳಗೆ ಒಂದು ಪಟ್ಟಿ: ಸಮುದ್ರಮಟ್ಟದಿಂದ ಮನೆ ಎಷ್ಟು ಎತ್ತರ, ಮನೆಯವರ ಸೊಂಟ ಎಷ್ಟು ಸುತ್ತು. ಎತ್ತರ ಹೆಚ್ಚಿದಂತೆ ಸುತ್ತು ಕಡಿಮೆಯಾಗುತ್ತದೆ, ನೀಲಿ ಬಾಗಿಲನ್ನು ಬಿಟ್ಟು, ಎಂದು ಕೊನೆಯಲ್ಲಿ ಬರೆದಿದ್ದಳಂತೆ. ಟೀಚರು ಆಮೇಲೆ ಓದಿ ಹೇಳಿದರು.

ನೀಲಿ ಬಾಗಿಲಿನವರು ಎದುರಿಗೇ ನಿಂತು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಸುತ್ತ ನಿಂತವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಕೋಟಿನ ಗುಂಡಿ ಹಾಕಿಕೊಂಡರು ಕೆಲವರು, ಕೈ ಅಡ್ಡ ಹಿಡಿದರು ಕೆಲವರು. ಖುಷಿಯಲ್ಲಿದ್ದವರು ಒಬ್ಬರೇ, ಹಡಗಿನ ಚಕ್ರದ ಮನೆಯ ನಿವೃತ್ತ ನೌಕಾಪಡೆಯವರು. ಇಡೀ ಊರಿನಲ್ಲಿ ಅವರೊಬ್ಬರ ಅಂಕಿ ಕೆಳಗಿಳಿದಿತ್ತು. ಅದರ ಪಕ್ಕ ನಿಂತು ಹೆಂಡತಿಯಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನೀಲಿ ಬಾಗಿಲಿನವರು ಮಗಳನ್ನು, ಈ ಅಂಕಿಗಳು ನಿನಗೆ ಎಲ್ಲಿ ಸಿಕ್ಕವು ಎಂದು ಕೇಳಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ. ಅಂಗಡಿಯ ಕೀಲಿ ಅವರ ಕೈಲಿದೆ, ಅವರಿಗೆ ಸಿಟ್ಟಿನ ಅವಶ್ಯಕತೆ ಇರಲಿಲ್ಲ. ನನಗೆ ನಾರ್ತ್‌ರಿಜ್‌ನ ಗ್ಯಾರೇಜು, ಅದರ ಕಾರ್‌ಪೆಟ್ಟಿನ ಬಣ್ಣ ಸಮೇತ ಕಣ್ಣ ಮುಂದೆ ಬಂತು. ತಪ್ಪಾಗಿದೆ, ಮಗು, ಏನೋ ಗೀಚಿದೆ ಎಂದು ಹೇಳಿಬಿಡೋಣ ಎಂದು ಬಾಯಿ ತೆಗೆದೆ.

ಅಷ್ಟರಲ್ಲಿ ಮಗಳು ಎದೆ ಸೆಟೆಸಿ ಉತ್ತರ ಕೊಟ್ಟಳು. "ಮೈ ಡ್ಯಾಡ್. ಹೀ ಮೆಷರ್ಡ್ ದ ಹೋಲ್ ಟೌನ್."

ನಮ್ಮಪ್ಪ ಇಡೀ ಊರನ್ನೇ ಅಳೆದಿದ್ದಾರೆ. ಅಷ್ಟು ಜನರ ಮುಂದೆ, ವಿಜ್ಞಾನಿಗಳ ಮಕ್ಕಳ ಮುಂದೆ ಅವಳು ನನ್ನನ್ನು ಬೆರಳು ಮಾಡಿ ತೋರಿಸಿದಳು. ಈ ಸಲ 'ಆರ್ ಯೂ ಶೂರ್' ಇರಲಿಲ್ಲ. ತೆಗೆದ ಬಾಯಿ ಮುಚ್ಚಿಕೊಂಡೆ. ಅವಳು ಗೀಚಿದಳು ಎಂದು ಇನ್ನು ಹೇಳುವ ಹಾಗಿಲ್ಲ; ಅಂಗಡಿ ಹೋದರೂ ಹೇಳುವ ಹಾಗಿಲ್ಲ.

ಹಾಗಾದರೆ ಏನು ಮಾಡುವುದು? ದರ್ಜಿಗೆ ಗೊತ್ತಿರುವುದು ಒಂದೇ ಕೆಲಸ. ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟೆ, ಟೇಪು ತೆಗೆದು ಮಗಳ ಕೈಗೆ ಕೊಟ್ಟೆ. ನನಗಿದ್ದ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದೆ: ತಪ್ಪು ನನ್ನದು, ಬುಕ್ಕು ಓದಿದವನು ನಾನು, ಕ್ಷಮಿಸಬೇಕು, ಮತ್ತೆ ಈ ನಕ್ಷೆಯಲ್ಲಿ ಒಂದು ಮನೆ ಬಿಟ್ಟುಹೋಗಿದೆ. ಆಮೇಲೆ ಮಗಳಿಗೆ ಕನ್ನಡದಲ್ಲಿ, "ಅಳಿ. ಎಲ್ಲರಿಗೂ ಕೇಳೋ ಹಾಗೆ ಹೇಳು" ಎಂದೆ.

"ಎಷ್ಟಿದ್ರೂ ಹೇಳ್ಲಾ?" ಎಂದಳು. ಅಪರೂಪಕ್ಕೆ ಕನ್ನಡ. ಮೂವತ್ತಾರರ ಕಥೆ ಅವಳಿಗೂ ಗೊತ್ತಿತ್ತು.

"ಎಷ್ಟಿದ್ರೂ."

ಅವಳು ಟೇಪನ್ನು ನನ್ನ ಸೊಂಟದ ಸುತ್ತ ತಂದಳು. ನಾನು ಉಸಿರು ಎಳೆದುಕೊಂಡೆ, ಅಭ್ಯಾಸಬಲ. ಅವಳು ಕಾದಳು. ಗಿರಾಕಿಗಳು ಹೊಟ್ಟೆ ಎಳೆದುಕೊಂಡಾಗ ನಾನು ಕಾಯುವುದನ್ನು ಎಷ್ಟೋ ಸಲ ನೋಡಿದ್ದಳು. ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿದಾನು? ಬಿಟ್ಟೆ. ಹುಕ್ಕು ಹಾರಿ ಎರಕದ ಗುಡ್ಡದ ಕಡೆ ಹೋಯಿತು.

"ಫಾರ್ಟಿ" ಎಂದು ಕೂಗಿದಳು. "ಅಂಡ್ ಎ ಹಾಫ್."

ಯಾರೂ ನಗಲಿಲ್ಲ. ನೀಲಿ ಬಾಗಿಲಿನವರು ನನ್ನ ಸೊಂಟವನ್ನೂ ನಕ್ಷೆಯನ್ನೂ ಒಂದೊಂದು ಸಲ ನೋಡಿ, ನಿಮ್ಮ ಡ್ರೈಯರ್ ಕೂಡ ಹಾಳಾಗಿರಬೇಕು ಎಂದರು.

ನಾನು ತಲೆ ತಗ್ಗಿಸಿದೆ. ಮಗಳು ತಗ್ಗಿಸಲಿಲ್ಲ. "ವೀ ಡೋಂಟ್ ಹ್ಯಾವ್ ಎ ಡ್ರೈಯರ್" ಎಂದಳು.

ಮೊದಲು ನಕ್ಕವರು ನೌಕಾಪಡೆಯವರು. ಆಮೇಲೆ ಯಾರು ಯಾರ ಮುಖ ನೋಡಿ ನಕ್ಕರೋ ಹೇಳಲಾರೆ. ಆ ಕೋಣೆಯಲ್ಲಿ ನನ್ನ ಇಂಗ್ಲಿಷ್ ವಾಕ್ಯ ಕೇಳದವರು ಕಡಿಮೆ. ಒಬ್ಬರು, ನಮ್ಮದನ್ನು ಹೋದ ತಿಂಗಳು ರಿಪೇರಿ ಮಾಡಿಸಿದೆ ಎನ್ನುತ್ತಿದ್ದರು. ನೀಲಿ ಬಾಗಿಲಿನವರು ಮಾತ್ರ ನಗದೆ, ಮಗಳ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡು, ದೊಡ್ಡ ರಸ್ತೆಯ ಮೇಲೆ ನಮ್ಮ ಅಂಗಡಿ ಇರುವ ಜಾಗದಲ್ಲಿ ಒಂದು ಚೌಕ ಬರೆದು, ಒಳಗೆ ನಲವತ್ತೂವರೆ ಎಂದು ಬರೆದರು. ಹಿಂದೆ ಒಂದು ಹಗ್ಗ, ಹಗ್ಗದ ಮೇಲೆ ಒಂದು ಲುಂಗಿಯನ್ನೂ ಬರೆದರು. ಆಮೇಲೆ ಹೊರಟುಹೋದರು.

ಶನಿವಾರ ಅವರು ಬರಲಿಲ್ಲ, ಭಾನುವಾರವೂ ಇಲ್ಲ. ಟೀಚರು ಶುಕ್ರವಾರ ರಾತ್ರಿಯೇ ಅಂಕಿಗಳ ಮೇಲೆಲ್ಲ ಹೂವಿನ ಸ್ಟಿಕ್ಕರ್ ಅಂಟಿಸಿ ರಟ್ಟನ್ನು ನಮ್ಮ ಜೊತೆಗೇ ವಾಪಸು ಕಳಿಸಿದ್ದರು. ಭೂಗೋಳಕ್ಕೆ ಎ, ಜನಸಂಖ್ಯೆಗೆ ಬಿ. ಅಳತೆ ಬರೆಯುವ ಮೊದಲು ಜನರ ಒಪ್ಪಿಗೆ ಕೇಳಬೇಕು ಎಂಬ ಟಿಪ್ಪಣಿ. ಉಸ್ತಾದರ ಮೊದಲ ಮಾತೇ ಅದು, ಇಂಗ್ಲಿಷಿನಲ್ಲಿ. ಹೆಂಡತಿ ಅಣ್ಣನಿಗೆ ಫೋನ್ ಮಾಡಲು ಹೋದವಳು, ನನ್ನ ಮುಖ ನೋಡಿ ಇಟ್ಟುಬಿಟ್ಟಳು. ಇಬ್ಬರು ಗಿರಾಕಿಗಳು ಬಂದು ಹೊಲಿಯದ ಬಟ್ಟೆಯನ್ನೇ ವಾಪಸು ಒಯ್ದರು, ಮತ್ತೆ ಬರಲೇ ಇಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಗಾಡಿ ನಿಂತಿತು. ಇಬ್ಬರು ಆಳುಗಳು ಬಿಳಿಯ ದೊಡ್ಡ ಪೆಟ್ಟಿಗೆಯೊಂದನ್ನು ಇಳಿಸಿದರು. ನೀಲಿ ಬಾಗಿಲಿನವರ ಹಳೆಯ ಡ್ರೈಯರ್. ಹಿಂದೆಯೇ ಅವರೂ ಕುಂಟು ನಾಯಿಯೊಂದಿಗೆ ಬಂದು, ಇದರಲ್ಲಿ ಯಾವ ದೋಷವೂ ಇಲ್ಲವೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು, ಹಗ್ಗ ಇವತ್ತೇ ಬಿಚ್ಚಬೇಕು ಎಂದರು. ಆಮೇಲೆ ಕೈಚೀಲದಿಂದ ಬೂದು ಸ್ಕರ್ಟು ತೆಗೆದು ಮೇಜಿನ ಮೇಲಿಟ್ಟರು. ನಾನು ಟೇಪು ಹಿಡಿದೆ. ಅಭ್ಯಾಸದಿಂದ ನಾಲಿಗೆ ಆ ವಾಕ್ಯದ ತುದಿಗೆ ಬಂದಿತ್ತು, ಹಲ್ಲು ಕಚ್ಚಿ ತಡೆದೆ. ಅವರೇ ಹೇಳಿದರು, ಮೆಲ್ಲಗೆ, ನಾನೂ ಬುಕ್ಕೂ ಬಿಟ್ಟು ಇನ್ನಾರಿಗೂ ಕೇಳದ ಹಾಗೆ: ಡ್ರೈಯರ್ ಅಲ್ಲ, ಕೇಕು, ಎಂದರು.

ಆ ಸಂಜೆ ಹೆಂಡತಿ ಹಗ್ಗ ಬಿಚ್ಚಿ ನನ್ನ ಬಟ್ಟೆಗಳನ್ನೆಲ್ಲ ಡ್ರೈಯರಿಗೆ ಹಾಕಿದಳು. ಬಿಸಿಬಿಸಿಯಾಗಿ ತೆಗೆದ ಪ್ಯಾಂಟನ್ನು ನಾನು ಮೇಜಿನ ಮೇಲೆ ಹರಡಿ, ಬಾಗಿಲು ಹಾಕಿಕೊಂಡು ಅಳೆದೆ. ಒಂದು ದಾರದಷ್ಟೂ ಕುಗ್ಗಿರಲಿಲ್ಲ. ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತೆಗೆದು ಹೊಲಿದೆ. ಬುಕ್ಕಿನ ಹೊಸ ಹಾಳೆಯಲ್ಲಿ ಬರೆದೆ: 'ದೊಡ್ಡ ರಸ್ತೆ, ಟೈಲರ್ ಅಂಗಡಿಯ ಹಿಂದಿನ ಕೋಣೆ, ಮೂರು ಜನ, ನಾಯಿ ಇಲ್ಲ. ನಲವತ್ತೂವರೆ.'